ನೀರು, ಅದಿರು, ಗಾಳಿಯ ಲೆಕ್ಕ: ತುಂಗಭದ್ರೆಯ ಮೇಲ್ದಂಡೆಯ ತಾಲೂಕುಗಳಲ್ಲಿ ಗಣಿತೀಯ ಮಾದರಿಗಳು

ಎಂಜಿನಿಯರಿಂಗ್ ಸಮಸ್ಯೆಯೊಂದನ್ನು ಗಣಿತದ ಮಾದರಿಗೆ ಇಳಿಸುವಾಗ ಮೂರು ಸಂಗತಿಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಿರ್ಧರಿಸಬೇಕಾದುದು ಏನು ಎಂಬುದು ಮೊದಲನೆಯದು. ಇದನ್ನು ಚರಾಂಶ ಎನ್ನುತ್ತಾರೆ. ಯಾವುದನ್ನು ಹೆಚ್ಚಿಸಬೇಕು, ಯಾವುದನ್ನು ತಗ್ಗಿಸಬೇಕು ಎಂಬುದು ಎರಡನೆಯದು, ಇದು ಗುರಿ. ಯಾವ ಎಲ್ಲೆಗಳನ್ನು ಮೀರುವಂತಿಲ್ಲ ಎಂಬುದು ಮೂರನೆಯದು, ಇವು ನಿರ್ಬಂಧಗಳು. ಈ ಮೂರನ್ನೂ ಸಮೀಕರಣಗಳಲ್ಲಿ ಬರೆದ ಮೇಲೆ, ನಿರ್ಬಂಧಗಳೊಳಗೆ ಗುರಿಯನ್ನು ಅತ್ಯಂತ ಚೆನ್ನಾಗಿ ಸಾಧಿಸುವ ಪರಿಹಾರವನ್ನು ಹುಡುಕುವ ವಿಧಾನಕ್ಕೆ ಆಪ್ಟಿಮೈಸೇಶನ್ ಎಂದು ಹೆಸರು. ಅಣೆಕಟ್ಟೆಯ ಗೇಟು ಎಷ್ಟು ತೆರೆಯಬೇಕು, ಪೈಪಿನ ವ್ಯಾಸ ಎಷ್ಟಿರಬೇಕು, ಕುಲುಮೆಗೆ ಯಾವ ಗಣಿಯ ಅದಿರು ಎಷ್ಟು ಹಾಕಬೇಕು, ಇವೆಲ್ಲವೂ ಈ ಒಂದೇ ಚೌಕಟ್ಟಿನಲ್ಲಿ ಕೂರುತ್ತವೆ.

ಈ ವಿಧಾನಗಳ ಬಲವನ್ನೂ ಮಿತಿಯನ್ನೂ ಒಟ್ಟಿಗೆ ಕಾಣಲು ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲೂಕುಗಳು ತಕ್ಕ ಪ್ರದೇಶ. ಇಲ್ಲಿ ನದಿ ಇದೆ, ಮಳೆ ಕಡಿಮೆ. ಜಲಾಶಯದ ಹಿನ್ನೀರು ಮಗ್ಗುಲಲ್ಲೇ ಇದ್ದರೂ ಹೊಲಗಳು ನೀರಿಗಿಂತ ಎತ್ತರದಲ್ಲಿವೆ. ಪೂರ್ವಕ್ಕೆ ಸಂಡೂರಿನ ಅದಿರು ಮತ್ತು ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಬಯಲಿನ ದಿಣ್ಣೆಗಳ ಮೇಲೆ ಗಾಳಿಯಂತ್ರಗಳು ಇವೆ.

ವಿಧಾನಗಳು ಬೆಳೆದ ಬಗೆ

ಒಂದು ಪ್ರಮಾಣ ಗರಿಷ್ಠ ಅಥವಾ ಕನಿಷ್ಠವಾಗುವ ಬಿಂದುವಿನಲ್ಲಿ ಅದರ ಬದಲಾವಣೆಯ ದರ ಸೊನ್ನೆಯಾಗುತ್ತದೆ ಎಂಬ ತಿಳಿವು ಕಲನಶಾಸ್ತ್ರದಷ್ಟೇ ಹಳೆಯದು. ನಿರ್ಬಂಧಗಳಿರುವಾಗ ಇದೇ ತತ್ವವನ್ನು ಬಳಸುವ ದಾರಿಯನ್ನು 18ನೇ ಶತಮಾನದಲ್ಲಿ ಲಗ್ರಾಂಜ್ ತೋರಿಸಿದ. ಕೈಗಾರಿಕೆಗೆ ನೇರವಾಗಿ ಒದಗುವ ವಿಧಾನಗಳು ಬಂದದ್ದು 20ನೇ ಶತಮಾನದಲ್ಲಿ. ಸೋವಿಯತ್ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ 1939ರಲ್ಲಿ ಪ್ಲೈವುಡ್ ಉದ್ಯಮದ ಯಂತ್ರಗಳಿಗೆ ಕೆಲಸ ಹಂಚುವ ಸಮಸ್ಯೆಯಿಂದ ಹೊರಟು ಲೀನಿಯರ್ ಪ್ರೋಗ್ರಾಮಿಂಗ್‌ನ ಮೂಲ ರೂಪವನ್ನು ಕಂಡುಕೊಂಡ. ಅಮೆರಿಕದ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಸಿಂಪ್ಲೆಕ್ಸ್ ವಿಧಾನವನ್ನು ರೂಪಿಸಿದ. 1950ರ ದಶಕದಲ್ಲಿ ರಿಚರ್ಡ್ ಬೆಲ್‌ಮನ್ ಹಂತಹಂತವಾಗಿ ನಿರ್ಧಾರ ಕೈಗೊಳ್ಳುವ ಸಮಸ್ಯೆಗಳಿಗೆ ಡೈನಾಮಿಕ್ ಪ್ರೋಗ್ರಾಮಿಂಗ್ ಕೊಟ್ಟ. ಗ್ವಾಲಿಯರ್‌ನಲ್ಲಿ ಹುಟ್ಟಿದ ನರೇಂದ್ರ ಕರ್ಮಾರ್ಕರ್ 1984ರಲ್ಲಿ ಬೆಲ್ ಪ್ರಯೋಗಾಲಯದಲ್ಲಿದ್ದಾಗ, ಬಹುದೊಡ್ಡ ಲೀನಿಯರ್ ಸಮಸ್ಯೆಗಳನ್ನು ವೇಗವಾಗಿ ಬಿಡಿಸುವ ಹೊಸ ದಾರಿ ತೆರೆದರು.

ನೀರಿನ ಕ್ಷೇತ್ರಕ್ಕೆ ಈ ವಿಧಾನಗಳನ್ನು ವ್ಯವಸ್ಥಿತವಾಗಿ ತಂದದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ಜಲ ಕಾರ್ಯಕ್ರಮ. ಅದರ ಫಲವಾದ ಗ್ರಂಥ 1962ರಲ್ಲಿ ಹೊರಬಂತು. ಕರ್ನಾಟಕದಲ್ಲಿ ಈ ಅಧ್ಯಯನದ ಮುಖ್ಯ ನೆಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ಎಂಜಿನಿಯರಿಂಗ್ ವಿಭಾಗ. ಎಸ್. ವೇದುಲ, ಪಿ.ಪಿ. ಮುಜುಂದಾರ್, ಡಿ. ನಾಗೇಶ್ ಕುಮಾರ್ ಮತ್ತು ಅವರ ವಿದ್ಯಾರ್ಥಿಗಳು ಮಲಪ್ರಭಾ, ಭದ್ರಾ ಜಲಾಶಯಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಮಾದರಿಗಳನ್ನು ಕಟ್ಟಿದ್ದಾರೆ. ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ ಹರಪನಹಳ್ಳಿ, ಹಡಗಲಿಗಳ ಗಡಿಯಲ್ಲಿ ಹರಿಯುವುದರಿಂದ, ಭದ್ರಾ ಜಲಾಶಯದಲ್ಲಿ ಕೈಗೊಳ್ಳುವ ನಿರ್ಧಾರ ಈ ತಾಲೂಕುಗಳ ನದಿಪಾತ್ರಕ್ಕೂ ತಟ್ಟುತ್ತದೆ.

ಜಲಾಶಯದ ಜಮಾಖರ್ಚು

ಜಲಾಶಯದ ಯಾವ ಮಾದರಿಗಾದರೂ ತಳಪಾಯ ಒಂದೇ ಸಮೀಕರಣ: ಈ ಅವಧಿಯ ಆರಂಭದ ಸಂಗ್ರಹಕ್ಕೆ ಒಳಹರಿವನ್ನು ಕೂಡಿ, ಹೊರಬಿಟ್ಟ ನೀರನ್ನೂ ಆವಿಯಾದ ನೀರನ್ನೂ ಕಳೆದರೆ ಮುಂದಿನ ಅವಧಿಯ ಆರಂಭದ ಸಂಗ್ರಹ ಸಿಗುತ್ತದೆ. ಸಂಗ್ರಹ ಗರಿಷ್ಠ ಸಾಮರ್ಥ್ಯವನ್ನು ಮೀರಬಾರದು, ಕನಿಷ್ಠ ಮಟ್ಟಕ್ಕಿಂತ ಕೆಳಗೂ ಇಳಿಯಬಾರದು.

ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ ಈ ಸಮೀಕರಣದ ಪ್ರತಿ ಪದಕ್ಕೂ ಒಂದು ಚರಿತ್ರೆ ಇದೆ. 1953ರಲ್ಲಿ ನೀರು ನಿಂತಾಗ ಸಾಮರ್ಥ್ಯ ಸುಮಾರು 133 ಟಿಎಂಸಿ (ನೂರು ಕೋಟಿ ಘನ ಅಡಿಗೆ ಒಂದು ಟಿಎಂಸಿ). ಹೂಳು ತುಂಬುತ್ತ ಬಂದು, ಈಗ ಲೆಕ್ಕಕ್ಕೆ ಹಿಡಿಯುವ ಸಾಮರ್ಥ್ಯ 105.788 ಟಿಎಂಸಿ. ನೀರು ಹರಡಿಕೊಳ್ಳುವ ವಿಸ್ತೀರ್ಣ ಸುಮಾರು 378 ಚದರ ಕಿ.ಮೀ. ಜಲಾಶಯ ತುಂಬಿದಾಗ ದಿನಕ್ಕೆ 5 ಮಿ.ಮೀ. ನೀರು ಆವಿಯಾಗುತ್ತದೆಂದು ಹಿಡಿದರೆ 15 ದಿನಕ್ಕೆ 1 ಟಿಎಂಸಿ ಗಾಳಿಗೆ ಹೋಗುತ್ತದೆ. ಕೃಷ್ಣಾ ಕಣಿವೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ಈ ಜಲಾಶಯದಿಂದ ವರ್ಷಕ್ಕೆ 230 ಟಿಎಂಸಿ ಬಳಕೆಯನ್ನು ಲೆಕ್ಕ ಹಾಕಿ, ಅದರಲ್ಲಿ 151.49 ಟಿಎಂಸಿಯನ್ನು ಕರ್ನಾಟಕಕ್ಕೆ ಇಟ್ಟಿತು. ಬಳಕೆ ಸಂಗ್ರಹದ ಇಮ್ಮಡಿಗಿಂತಲೂ ಹೆಚ್ಚು. ಆದ್ದರಿಂದ ಮುಂಗಾರಿನಲ್ಲಿ ನೀರು ಬರುತ್ತಿರುವಾಗಲೇ ಬಿಡಬೇಕು, ಮಳೆ ನಿಲ್ಲುವ ಹೊತ್ತಿಗೆ ಜಲಾಶಯವೂ ತುಂಬಿರಬೇಕು. ಜುಲೈಯಲ್ಲಿ ಎಷ್ಟು ಬಿಡುವುದು, ಹಿಂಗಾರಿಗೆ ಎಷ್ಟು ಉಳಿಸುವುದು ಎಂದು ನೀರಾವರಿ ಸಲಹಾ ಸಮಿತಿಯ ಸಭೆ ಪ್ರತಿ ವರ್ಷ ಎದುರಿಸುವ ಪ್ರಶ್ನೆ ಶುದ್ಧ ಆಪ್ಟಿಮೈಸೇಶನ್ ಸಮಸ್ಯೆಯೇ.

ನಿರ್ಬಂಧ ಬದಲಾದರೆ ಇಡೀ ಪರಿಹಾರ ಬದಲಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಅಣೆಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಹೊರಬಿಡಬೇಕಾಯಿತು. ಒಂದು ವಾರದೊಳಗೆ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸಿ ಹರಿವು ತಡೆಯಲಾಯಿತು. ಮುಂದಿನ ವರ್ಷ ಗೇಟುಗಳ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಗೆ ಮಿತಗೊಳಿಸಲಾಯಿತು. ಗರಿಷ್ಠ ಸಂಗ್ರಹದ ಮಿತಿ 105ರಿಂದ 80ಕ್ಕೆ ಇಳಿದದ್ದು ಸಮೀಕರಣದಲ್ಲಿ ಒಂದೇ ಅಂಕಿಯ ಬದಲಾವಣೆ. ಹೊಲದಲ್ಲಿ ಅದು ಎರಡನೇ ಬೆಳೆಯ ಅಳಿವು ಉಳಿವಿನ ಪ್ರಶ್ನೆಯಾಯಿತು.

ಹೊಲದ ಲೆಕ್ಕ: ಲೀನಿಯರ್ ಪ್ರೋಗ್ರಾಮಿಂಗ್

ಗುರಿಯೂ ನಿರ್ಬಂಧಗಳೂ ಸರಳರೇಖೆಯ ಸಮೀಕರಣಗಳಾಗಿದ್ದರೆ ಲೀನಿಯರ್ ಪ್ರೋಗ್ರಾಮಿಂಗ್ ಸಾಕಾಗುತ್ತದೆ. ಕೊಳವೆಬಾವಿಯ ಆರು ಎಕರೆ ಜಮೀನನ್ನು ಕಲ್ಪಿತ ಅಂಕಿಗಳೊಂದಿಗೆ ತೆಗೆದುಕೊಳ್ಳಬಹುದು. ಹಂಗಾಮಿಗೆ ಸಿಗುವ ನೀರು 60 ಅಳತೆ. ಈರುಳ್ಳಿಗೆ ಎಕರೆಗೆ 20 ಅಳತೆ ನೀರು ಬೇಕು, ನಿವ್ವಳ ಆದಾಯ 40,000 ರೂಪಾಯಿ. ಮೆಕ್ಕೆಜೋಳಕ್ಕೆ 8 ಅಳತೆ ನೀರು, ಆದಾಯ 20,000 ರೂಪಾಯಿ. ನೀರನ್ನೆಲ್ಲ ಈರುಳ್ಳಿಗೆ ಕೊಟ್ಟರೆ ಮೂರೇ ಎಕರೆ ಬೆಳೆದು 1,20,000 ರೂಪಾಯಿ ಬರುತ್ತದೆ. ಆರೂ ಎಕರೆ ಮೆಕ್ಕೆಜೋಳ ಹಾಕಿದರೂ ಅಷ್ಟೇ. ಒಂದು ಎಕರೆ ಈರುಳ್ಳಿ, ಐದು ಎಕರೆ ಮೆಕ್ಕೆಜೋಳ ಹಾಕಿದರೆ ಭೂಮಿಯೂ ನೀರೂ ಪೂರ್ತಿ ಬಳಕೆಯಾಗಿ 1,40,000 ರೂಪಾಯಿ ಸಿಗುತ್ತದೆ. ನಿರ್ಬಂಧದ ರೇಖೆಗಳು ಕೂಡುವ ಮೂಲೆಗಳಲ್ಲೇ ಅತ್ಯುತ್ತಮ ಪರಿಹಾರ ಸಿಗುತ್ತದೆ ಎಂಬುದು ಈ ಗಣಿತದ ಮುಖ್ಯ ಪ್ರಮೇಯ. ಸಿಂಪ್ಲೆಕ್ಸ್ ವಿಧಾನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಪ್ರತಿ ಸಲವೂ ಆದಾಯ ಹೆಚ್ಚುವ ದಿಕ್ಕಿನಲ್ಲಿ, ಸಾಗುತ್ತದೆ.

ಈ ಲೆಕ್ಕ ಇನ್ನೂ ಎರಡು ವಿಷಯ ಹೇಳುತ್ತದೆ. ನೀರು ಒಂದು ಅಳತೆ ಹೆಚ್ಚಾದರೆ ಆದಾಯ ಸುಮಾರು 1,667 ರೂಪಾಯಿ ಏರುತ್ತದೆ. ಭೂಮಿ ಒಂದು ಎಕರೆ ಹೆಚ್ಚಾದರೆ ಏರುವುದು ಸುಮಾರು 6,667 ರೂಪಾಯಿ. ಇವಕ್ಕೆ ಛಾಯಾ ಬೆಲೆ ಎನ್ನುತ್ತಾರೆ. ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲದ ನೀರಿಗೂ ಆ ಹೊಲದಲ್ಲಿ ನಿಜವಾಗಿ ಎಷ್ಟು ಬೆಲೆ ಎಂಬುದನ್ನು ಅವು ತೋರಿಸುತ್ತವೆ. ಇನ್ನು ಧಾರಣೆ. ಈರುಳ್ಳಿಯ ಆದಾಯ ಎಕರೆಗೆ 20,000ದಿಂದ 50,000 ರೂಪಾಯಿಯೊಳಗೆ ಏರಿಳಿದರೂ ಇದೇ ಬೆಳೆ ಹಂಚಿಕೆ ಸರಿ. 20,000ಕ್ಕಿಂತ ಕೆಳಗೆ ಬಿದ್ದರೆ ಈರುಳ್ಳಿ ಕೈಬಿಡುವುದೇ ಲೇಸು. ಈ ಪರಿಶೀಲನೆಗೆ ಸೂಕ್ಷ್ಮತಾ ವಿಶ್ಲೇಷಣೆ ಎಂದು ಹೆಸರು. ಈರುಳ್ಳಿಯ ಧಾರಣೆ ಹಂಗಾಮಿನಿಂದ ಹಂಗಾಮಿಗೆ ಕುಸಿದು ಏಳುವ ಈ ಭಾಗದಲ್ಲಿ ಇದಕ್ಕೆ ಮೂಲ ಉತ್ತರದಷ್ಟೇ ತೂಕವಿದೆ.

ವಾಸ್ತವದ ಬೆಳೆ ಯೋಜನೆಯಲ್ಲಿ ಮಸಾರಿ ಮತ್ತು ಎರೆ ಭೂಮಿಯ ವ್ಯತ್ಯಾಸ, ಕೂಲಿಯಾಳುಗಳ ಲಭ್ಯತೆ, ಮನೆಯ ಊಟದ ಜೋಳ, ದನಗಳ ಮೇವು, ಇವೆಲ್ಲ ನಿರ್ಬಂಧಗಳಾಗಿ ಸೇರುತ್ತವೆ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೆ ಹೂ ಬಿಡಿಸಲು ಹೊತ್ತಿಗೆ ಸರಿಯಾಗಿ ಕೈಗಳು ಸಿಗದಿದ್ದರೆ, ನೀರಿದ್ದರೂ ಆ ಬೆಳೆಯ ವಿಸ್ತೀರ್ಣ ಹೆಚ್ಚುವುದಿಲ್ಲ.

ಕಾಲದ ಜೊತೆ ನಿರ್ಧಾರ: ಡೈನಾಮಿಕ್ ಪ್ರೋಗ್ರಾಮಿಂಗ್

ಇಂದು ಬಿಟ್ಟ ನೀರು ನಾಳೆಗೆ ಇರುವುದಿಲ್ಲ. ಹೀಗೆ ಒಂದು ನಿರ್ಧಾರ ಮುಂದಿನ ನಿರ್ಧಾರಗಳ ಕೈಕಟ್ಟುವ ಕಡೆ ಬೆಲ್‌ಮನ್‌ನ ವಿಧಾನ ಒದಗುತ್ತದೆ. ಹಂಗಾಮಿನ ಕೊನೆಯ ಅವಧಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದು, ಪ್ರತಿ ಅವಧಿಯಲ್ಲೂ ಪ್ರತಿ ಸಂಗ್ರಹ ಮಟ್ಟಕ್ಕೂ ಅತ್ಯುತ್ತಮ ಬಿಡುಗಡೆ ಎಷ್ಟು ಎಂಬ ಪಟ್ಟಿಯನ್ನು ಇದು ತಯಾರಿಸುತ್ತದೆ. ಒಳಹರಿವು ಅನಿಶ್ಚಿತವಾದ್ದರಿಂದ ಅದನ್ನು ಸಂಭಾವ್ಯತೆಗಳಲ್ಲಿ ಹೇಳಲಾಗುತ್ತದೆ.

ವೇದುಲ ಮತ್ತು ಮುಜುಂದಾರ್ 1992ರಲ್ಲಿ ಪ್ರಕಟಿಸಿದ ಮಾದರಿ ಇದರಲ್ಲಿ ಒಂದು ಹೆಜ್ಜೆ ಮುಂದಿತ್ತು. ಜಲಾಶಯದ ಸಂಗ್ರಹ ಮತ್ತು ಒಳಹರಿವಿನ ಜೊತೆಗೆ ಹೊಲದ ಮಣ್ಣಿನ ತೇವವನ್ನೂ ಅದು ಲೆಕ್ಕಕ್ಕೆ ತಂದಿತು. ನೀರು ಸಾಲದಾದಾಗ ಹಲವು ಬೆಳೆಗಳ ನಡುವೆ ಹೇಗೆ ಹಂಚಬೇಕು ಎಂಬುದನ್ನೂ ಒಳಗೊಂಡಿತು. ಬೆಳೆ ಹೂವಾಡುವ ವಾರದಲ್ಲಿ ತಪ್ಪಿದ ನೀರಿಗೂ ಕಾಳು ಮಾಗುವ ವಾರದಲ್ಲಿ ತಪ್ಪಿದ ನೀರಿಗೂ ನಷ್ಟ ಬೇರೆ ಬೇರೆ. ಇದನ್ನು ರೈತರು ತಲೆಮಾರುಗಳಿಂದ ಬಲ್ಲರು; ಮಾದರಿ ಅದನ್ನು ಗೇಟು ತೆರೆಯುವ ನಿಯಮವಾಗಿ ಬರೆಯಿತು.

ಅನಿಶ್ಚಿತತೆಗೆ ಎಷ್ಟು ಜಾಗ ಬಿಡಬೇಕು ಎಂಬುದು ನೀತಿಯ ಪ್ರಶ್ನೆ. ಕೃಷ್ಣಾ ಕಣಿವೆಯ ನೀರು ಹಂಚುವಾಗ ಬಚಾವತ್ ನ್ಯಾಯಮಂಡಳಿ ಶೇ. 75ರ ಖಚಿತತೆಯನ್ನು ಆಧಾರವಾಗಿಟ್ಟುಕೊಂಡಿತು: ನಾಲ್ಕರಲ್ಲಿ ಮೂರು ವರ್ಷ ಸಿಗುವಷ್ಟು ನೀರು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಶೇ. 65ಕ್ಕೆ ಇಳಿಸಿ ಲೆಕ್ಕ ಹಾಕಿತು. ಖಚಿತತೆಯನ್ನು ಇಳಿಸಿದರೆ ಹಂಚಲು ಹೆಚ್ಚು ನೀರು ಸಿಗುತ್ತದೆ, ಕೊರತೆಯ ವರ್ಷಗಳೂ ಹೆಚ್ಚುತ್ತವೆ.

ನೀರೆತ್ತುವ ಲೆಕ್ಕ

ತುಂಗಭದ್ರಾ ಕಾಲುವೆಗಳು ಅಣೆಕಟ್ಟೆಯಿಂದ ಕೆಳಕ್ಕೆ, ತಗ್ಗಿನ ಕಡೆಗೆ ಹರಿಯುತ್ತವೆ. ಹಗರಿಬೊಮ್ಮನಹಳ್ಳಿ, ಹಡಗಲಿ ಭಾಗದ ಹಲವು ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು; ಅಲ್ಲಿನ ಉಳಿದ ಹೊಲಗಳು ಕಾಲುವೆಗೆ ನಿಲುಕದಷ್ಟು ಮೇಲಿವೆ. ಜಲಾಶಯದ ತುಂಬುಮಟ್ಟ 1,633 ಅಡಿ, ಅಂದರೆ ಸುಮಾರು 498 ಮೀಟರ್. ಕೂಡ್ಲಿಗಿ, ಹರಪನಹಳ್ಳಿ ಪಟ್ಟಣಗಳು ಸಮುದ್ರಮಟ್ಟದಿಂದ 600 ಮೀಟರ್ ಆಸುಪಾಸಿನಲ್ಲಿವೆ. ಆದ್ದರಿಂದ ಇಲ್ಲಿ ಏತ ನೀರಾವರಿ ಬಿಟ್ಟರೆ ಬೇರೆ ದಾರಿಯಿಲ್ಲ. ಹಮ್ಮಿಗಿ ಬಳಿಯ ಬ್ಯಾರೇಜಿನಿಂದ ನೀರೆತ್ತುವ ಸಿಂಗಟಾಲೂರು ಯೋಜನೆ ಹಡಗಲಿ ಭಾಗಕ್ಕೆ ನೀರು ಕೊಡುತ್ತದೆ. ಕೂಡ್ಲಿಗಿ ತಾಲೂಕಿನ 74 ಕೆರೆಗಳನ್ನು ತುಂಬಿಸುವ ಯೋಜನೆಯೂ ಹರಪನಹಳ್ಳಿಯ ಕೆರೆ ತುಂಬಿಸುವ ಯೋಜನೆಯೂ ತುಂಗಭದ್ರೆಯನ್ನೇ ನಂಬಿವೆ.

ಎತ್ತರದ ಬೆಲೆಯನ್ನು ಭೌತಶಾಸ್ತ್ರವೇ ಹೇಳುತ್ತದೆ. ಒಂದು ಘನ ಮೀಟರ್ ನೀರನ್ನು 100 ಮೀಟರ್ ಎತ್ತಲು ಕನಿಷ್ಠ 0.27 ಯೂನಿಟ್ ವಿದ್ಯುತ್ ಬೇಕು. ಪಂಪು, ಮೋಟರುಗಳ ಒಟ್ಟು ದಕ್ಷತೆ ಶೇ. 70 ಇದ್ದರೆ ಅದು 0.39 ಯೂನಿಟ್ ಆಗುತ್ತದೆ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಅದನ್ನು ಅಷ್ಟು ಎತ್ತರಕ್ಕೆ ಏರಿಸಲು ಸುಮಾರು 1.1 ಕೋಟಿ ಯೂನಿಟ್ ಖರ್ಚಾಗುತ್ತದೆ.

ಇದರ ಮೇಲೆ ಪೈಪಿನೊಳಗಿನ ಘರ್ಷಣೆ. ಹರಿವು ಅಷ್ಟೇ ಇದ್ದರೆ ಘರ್ಷಣೆಯ ನಷ್ಟ ಪೈಪಿನ ವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿರುತ್ತದೆ. 500 ಮಿ.ಮೀ. ಬದಲು 600 ಮಿ.ಮೀ. ಪೈಪು ಹಾಕಿದರೆ ನಷ್ಟ ಸುಮಾರು ಶೇ. 40ಕ್ಕೆ ಇಳಿಯುತ್ತದೆ, ಪೈಪಿನ ಬೆಲೆ ಏರುತ್ತದೆ. ಒಂದು ಸಲದ ಬಂಡವಾಳವನ್ನೂ ಯೋಜನೆಯ ಆಯುಷ್ಯದುದ್ದಕ್ಕೂ ಕಟ್ಟುವ ವಿದ್ಯುತ್ ಬಿಲ್ಲನ್ನೂ ಕೂಡಿಸಿ ಆ ಮೊತ್ತ ಕನಿಷ್ಠವಾಗುವ ವ್ಯಾಸ ಕಂಡುಹಿಡಿಯುವುದು ಕಲನಶಾಸ್ತ್ರದ ಸಮಸ್ಯೆ. ಆದರೆ ಪೈಪುಗಳು ಗೊತ್ತಾದ ಅಳತೆಗಳಲ್ಲಷ್ಟೇ ಸಿಗುತ್ತವೆ. ಹತ್ತಾರು ಕವಲುಗಳಿರುವ ಜಾಲದಲ್ಲಿ ಪ್ರತಿ ತುಂಡಿಗೂ ಯಾವ ಅಳತೆ ಎಂದು ಆರಿಸುವಾಗ ಸಮಸ್ಯೆ ಪೂರ್ಣಾಂಕದ ರೂಪ ತಾಳಿ ಬಹಳ ಕಠಿಣವಾಗುತ್ತದೆ.

ಪಂಪಿನ ಸಾಮರ್ಥ್ಯದ್ದು ಇನ್ನೊಂದು ತೂಕ. ನದಿಯಲ್ಲಿ ಎತ್ತಲು ಬೇಕಾದಷ್ಟು ನೀರಿರುವುದು ಮಳೆಗಾಲದ ಕೆಲವೇ ತಿಂಗಳು. ಆ ಅವಧಿ ಕಿರಿದೆಂದು ಹಿಡಿದರೆ ದೊಡ್ಡ ಪಂಪು ಬೇಕು. ಅದು ವರ್ಷದ ಉಳಿದ ಕಾಲ ಸುಮ್ಮನೆ ನಿಂತಿರುತ್ತದೆ. ಹಿರಿದೆಂದು ಹಿಡಿದು ಸಣ್ಣ ಪಂಪು ಹಾಕಿದರೆ ಬರದ ವರ್ಷದಲ್ಲಿ ಕೊನೆಯ ಕೆರೆಗಳು ಬತ್ತಿದ್ದಂತೆಯೇ ಉಳಿಯುತ್ತವೆ.

ಅದಿರಿನಿಂದ ಉಕ್ಕಿಗೆ

ಲೀನಿಯರ್ ಪ್ರೋಗ್ರಾಮಿಂಗ್ ಕೈಗಾರಿಕೆಯಲ್ಲಿ ಚೆನ್ನಾಗಿ ಬೇರೂರಿರುವುದು ಮಿಶ್ರಣದ ಸಮಸ್ಯೆಗಳಲ್ಲಿ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆಯಂಥ ದೊಡ್ಡ ಉಕ್ಕಿನ ಸ್ಥಾವರಕ್ಕೆ ಬೇರೆ ಬೇರೆ ಗಣಿಗಳ ಅದಿರು ಬರುತ್ತದೆ. ಪ್ರತಿಯೊಂದರಲ್ಲೂ ಕಬ್ಬಿಣ, ಸಿಲಿಕಾ, ಅಲ್ಯುಮಿನಾದ ಪ್ರಮಾಣ ಬೇರೆ. ಅಲ್ಯುಮಿನಾ ಹೆಚ್ಚಾದರೆ ಕುಲುಮೆಯ ಕಿಟ್ಟ ಗಟ್ಟಿಯಾಗಿ ಹರಿಯುವುದು ಕಷ್ಟ, ಕೋಕ್ ಹೆಚ್ಚು ಸುಡುತ್ತದೆ. ಆದ್ದರಿಂದ ಕಬ್ಬಿಣದ ಅಂಶ ಇಷ್ಟಕ್ಕಿಂತ ಕಡಿಮೆಯಾಗಬಾರದು, ಅಲ್ಯುಮಿನಾ ಇಷ್ಟು ಮೀರಬಾರದು, ಸುಣ್ಣಕ್ಕೂ ಸಿಲಿಕಾಕ್ಕೂ ಇರುವ ಅನುಪಾತ ಈ ವ್ಯಾಪ್ತಿಯಲ್ಲಿರಬೇಕು ಎಂಬ ನಿರ್ಬಂಧಗಳಡಿ ಅತಿ ಕಡಿಮೆ ಖರ್ಚಿನ ಮಿಶ್ರಣ ಹುಡುಕಬೇಕಾಗುತ್ತದೆ.

ಕುಲುಮೆಯಿಂದ ಹೊರಬಂದ ಕರಗಿದ ಕಬ್ಬಿಣ ಕಾಯುವುದಿಲ್ಲ. ಕರಗಿದ ಲೋಹ ಹೊತ್ತ ಯಾವ ಲ್ಯಾಡಲ್ ಉಕ್ಕು ಮಾಡುವ ಯಾವ ಕನ್ವರ್ಟರಿಗೆ, ಯಾವ ದರ್ಜೆಯ ಉಕ್ಕು ಯಾವ ಸರದಿಯಲ್ಲಿ ಎರಕಕ್ಕೆ ಎಂಬ ವೇಳಾಪಟ್ಟಿಯಲ್ಲಿ ಹೌದು-ಇಲ್ಲ ಎಂಬ ನಿರ್ಧಾರಗಳೇ ತುಂಬಿರುವುದರಿಂದ ಇದು ಪೂರ್ಣಾಂಕ ಪ್ರೋಗ್ರಾಮಿಂಗ್‌ನ ಕ್ಷೇತ್ರ. ತಡವಾದ ಪ್ರತಿ ನಿಮಿಷಕ್ಕೂ ಲೋಹ ತಣಿಯುತ್ತದೆ, ಮತ್ತೆ ಕಾಯಿಸಲು ವಿದ್ಯುತ್ ಬೇಕು.

ಗಣಿಗಾರಿಕೆಯಲ್ಲಿ ನಿರ್ಬಂಧಗಳನ್ನು ಮೊದಲು ಹೇಳದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಬಳ್ಳಾರಿ ಸೀಮೆ ಕಣ್ಣಾರೆ ಕಂಡಿದೆ. 2011ರಲ್ಲಿ ಗಣಿಗಾರಿಕೆಯನ್ನು ತಡೆಹಿಡಿದ ಸುಪ್ರೀಂ ಕೋರ್ಟ್, 2013ರ ತೀರ್ಪಿನಲ್ಲಿ ಬಳ್ಳಾರಿಗೆ ವರ್ಷಕ್ಕೆ 250 ಲಕ್ಷ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 50 ಲಕ್ಷ ಟನ್ ಎಂಬ ಮಿತಿಯನ್ನು ಒಪ್ಪಿತು. ಕಾಡು, ರಸ್ತೆ, ದೂಳು, ಜನಜೀವನ ಎಷ್ಟನ್ನು ತಾಳಿಕೊಳ್ಳಬಲ್ಲವು ಎಂಬ ಪ್ರಶ್ನೆಯೇ ಆ ಮಿತಿಯ ಹಿಂದಿತ್ತು. ಗಣಿ ಯೋಜನೆಯ ಯಾವುದೇ ಮಾದರಿ ಈಗ ಅಂಥ ಮೇಲ್ಮಿತಿಯೊಳಗೇ ಆರಂಭವಾಗಬೇಕು.

ಗಾಳಿ, ದಾರಿ ಮತ್ತು ಹುಡುಕಾಟದ ವಿಧಾನಗಳು

ಗಾಳಿಯಿಂದ ಸಿಗುವ ಶಕ್ತಿ ವೇಗದ ಮೂರನೇ ಘಾತಕ್ಕೆ ಅನುಗುಣವಾಗಿರುತ್ತದೆ, ವೇಗ ಶೇ. 10 ಏರಿದರೆ ಶಕ್ತಿ ಶೇ. 33 ಏರುತ್ತದೆ. ಸಾಲಿನಲ್ಲಿ ಗಾಳಿಗೆ ಮೊದಲು ಎದುರಾಗುವ ಯಂತ್ರ ಅದರ ವೇಗವನ್ನು ಹೀರಿಕೊಂಡು ಹಿಂದಿನ ಯಂತ್ರಕ್ಕೆ ಮಂದ ಗಾಳಿಯನ್ನು ಬಿಡುತ್ತದೆ. ಹರಪನಹಳ್ಳಿಯಂಥ ಕಡೆ ಮುಂಗಾರಿನ ಗಾಳಿ ಹೆಚ್ಚಾಗಿ ಪಶ್ಚಿಮದ ಕಡೆಯಿಂದ ಬೀಸುವುದರಿಂದ ಆ ದಿಕ್ಕಿನಲ್ಲಿ ಹೆಚ್ಚು ಅಂತರ, ಅಡ್ಡಲಾಗಿ ಕಡಿಮೆ ಅಂತರ ಬಿಟ್ಟು ಕಂಬ ನಿಲ್ಲಿಸುವುದು ಲಾಭಕರ. ಜಮೀನಿನ ಗಡಿ, ಊರಿನಿಂದ ಇರಬೇಕಾದ ದೂರ, ದಾರಿಯ ಖರ್ಚು ಸೇರಿದಾಗ ಸಮಸ್ಯೆ ತುಂಬ ತೊಡಕಾಗುತ್ತದೆ.

ಹಾಲು ಸಂಗ್ರಹಿಸುವ ವಾಹನದ ದಾರಿಯೂ ಇಂಥದ್ದೇ. ಡೇರಿಯಿಂದ ಹೊರಟು ಹತ್ತು ಹಳ್ಳಿ ಸುತ್ತಿ ಮರಳಲು 18,14,400 ಬೇರೆ ಬೇರೆ ಸುತ್ತುಗಳಿವೆ. ಹಳ್ಳಿಗಳು ಹದಿನೈದಾದರೆ ಸುತ್ತುಗಳ ಸಂಖ್ಯೆ 65,000 ಕೋಟಿ ಮೀರುತ್ತದೆ. ಒಂದೊಂದನ್ನೇ ಎಣಿಸುವುದು ಬೇಗನೆ ಕೈಮೀರುತ್ತದೆ. ಆಗ ಜಾಣ ಹುಡುಕಾಟದ ವಿಧಾನಗಳು ಬೇಕು. ಜಾನ್ ಹಾಲೆಂಡ್ 1975ರ ಗ್ರಂಥದಲ್ಲಿ ವಿವರಿಸಿದ ಜೆನೆಟಿಕ್ ಆಲ್ಗಾರಿದಮ್ ಒಳ್ಳೆಯ ಪರಿಹಾರಗಳನ್ನು ಬೆರೆಸಿ ಹೊಸ ಪೀಳಿಗೆಯನ್ನು ಹುಟ್ಟಿಸುತ್ತದೆ. ಲೋಹ ನಿಧಾನವಾಗಿ ತಣಿಯುವ ಕ್ರಮವನ್ನು ಅನುಸರಿಸುವ ಸಿಮ್ಯುಲೇಟೆಡ್ ಅನೀಲಿಂಗ್ 1983ರಲ್ಲಿಯೂ, ಹಕ್ಕಿಗಳ ಹಿಂಡಿನ ಚಲನೆಯಿಂದ ಪ್ರೇರಣೆ ಪಡೆದ ಪಾರ್ಟಿಕಲ್ ಸ್ವಾರ್ಮ್ 1995ರಲ್ಲಿಯೂ ಬಂದವು. ಇವು ಅತ್ಯುತ್ತಮ ಪರಿಹಾರವೇ ಸಿಕ್ಕಿತೆಂದು ಸಾಧಿಸಿ ತೋರಿಸಲಾರವು. ಸಾಕಷ್ಟು ಒಳ್ಳೆಯದನ್ನು ಬೇಗ ಕೊಡುತ್ತವೆ.

ಹಲವು ಗುರಿಗಳು

ನೀರಾವರಿಗೂ ವಿದ್ಯುತ್ತಿಗೂ ನದಿಯ ಆರೋಗ್ಯಕ್ಕೂ ಒಂದೇ ನೀರು ಬೇಕಾದಾಗ ಒಂದೇ ಉತ್ತರ ಇರುವುದಿಲ್ಲ. ಒಂದು ಗುರಿಯನ್ನು ಕೆಡಿಸದೆ ಇನ್ನೊಂದನ್ನು ಉತ್ತಮಪಡಿಸಲು ಆಗದಂಥ ಪರಿಹಾರಗಳ ಗುಂಪನ್ನು ಪರೇಟೊ ರೇಖೆ ಎನ್ನುತ್ತಾರೆ. ಕಲ್ಯಾಣ್ಮಯ್ ದೇಬ್ ಮತ್ತು ಸಂಗಡಿಗರು ಐಐಟಿ ಕಾನ್ಪುರದಲ್ಲಿ ರೂಪಿಸಿ 2002ರಲ್ಲಿ ಪ್ರಕಟಿಸಿದ ಆಲ್ಗಾರಿದಮ್ ಈ ರೇಖೆಯನ್ನು ಹುಡುಕಲು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಎಂ. ಜಾಂಗ ರೆಡ್ಡಿ ಮತ್ತು ನಾಗೇಶ್ ಕುಮಾರ್ 2006ರಲ್ಲಿ ಇಂಥ ವಿಕಾಸಾತ್ಮಕ ವಿಧಾನವನ್ನು ಭದ್ರಾ ಜಲಾಶಯಕ್ಕೆ ಅನ್ವಯಿಸಿದರು. ನೀರಾವರಿ ಕೊರತೆಯನ್ನು ತಗ್ಗಿಸುವುದು ಮತ್ತು ಜಲವಿದ್ಯುತ್ತನ್ನು ಹೆಚ್ಚಿಸುವುದು ಅಲ್ಲಿ ಎದುರುಬದುರಾದ ಗುರಿಗಳು. ರೇಖೆಯ ಮೇಲಿನ ಯಾವ ಬಿಂದು ಬೇಕೆಂದು ಗಣಿತ ಹೇಳುವುದಿಲ್ಲ. ಅದನ್ನು ಆರಿಸಬೇಕಾದವರು ಜನ ಮತ್ತು ಅವರ ಪ್ರತಿನಿಧಿಗಳು.

ಮಾದರಿಗೆ ಏನನ್ನು ಸೇರಿಸಬೇಕು

ಈ ಎಲ್ಲ ವಿಧಾನಗಳೂ ಇಂದು ಪಕ್ವವಾಗಿವೆ, ಸಾಧಾರಣ ಕಂಪ್ಯೂಟರಿನಲ್ಲೂ ನಡೆಯುತ್ತವೆ. ಸವಾಲಿರುವುದು ಗುರಿ ಮತ್ತು ನಿರ್ಬಂಧಗಳನ್ನು ಬರೆಯುವ ಹಂತದಲ್ಲಿ. ಒಟ್ಟು ಖರ್ಚನ್ನು ಕನಿಷ್ಠಗೊಳಿಸುವುದೊಂದೇ ಗುರಿಯಾದರೆ, ಜಲಾಶಯಕ್ಕಿಂತ ನೂರು ಮೀಟರ್ ಎತ್ತರದಲ್ಲಿರುವ ಕೂಡ್ಲಿಗಿಗೆ ನೀರು ಕೊಡುವ ಪರಿಹಾರ ಯಾವ ಕಂಪ್ಯೂಟರಿನಿಂದಲೂ ಬರುವುದಿಲ್ಲ. ತಗ್ಗಿನ ಊರುಗಳೇ ಯಾವಾಗಲೂ ಗೆಲ್ಲುತ್ತವೆ. ಕೊನೆಯ ಕೆರೆಗೆ ಇಷ್ಟಾದರೂ ನೀರು ಸಿಗಲೇಬೇಕು ಎಂಬುದನ್ನು ನಿರ್ಬಂಧವಾಗಿ ಬರೆಯಬಹುದು. ಅತಿ ಕಡಿಮೆ ನೀರು ಸಿಗುವ ಕೆರೆಯ ಪಾಲನ್ನು ಗರಿಷ್ಠಗೊಳಿಸುವುದನ್ನೇ ಗುರಿಯಾಗಿಯೂ ಇಡಬಹುದು. ಎರಡೂ ಗಣಿತಕ್ಕೆ ಸುಲಭವೇ. ಹಾಗೆ ಬರೆದರೆ ಆ ನ್ಯಾಯಕ್ಕೆ ತಗಲುವ ಹೆಚ್ಚುವರಿ ಖರ್ಚೂ ನಿಖರವಾಗಿ ಕಾಣುತ್ತದೆ. ಅದನ್ನು ಭರಿಸಬೇಕೇ ಬೇಡವೇ ಎಂಬ ಚರ್ಚೆ ಅಂಕಿಗಳ ಮೇಲೆ ನಿಲ್ಲುತ್ತದೆ.

ಅಂತರ್ಜಲದಲ್ಲಿ ಇದೇ ಮಾತು ಬೇರೆ ರೂಪದಲ್ಲಿ ಎದುರಾಗುತ್ತದೆ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಆದ್ದರಿಂದ ಪ್ರತಿ ಹೊಲದ ಲೆಕ್ಕದಲ್ಲೂ ನೀರೆತ್ತುವ ಖರ್ಚು ಸೊನ್ನೆ, ಕರೆಂಟು ಇರುವಷ್ಟು ಹೊತ್ತೂ ಎತ್ತುವುದೇ ಆ ರೈತನಿಗೆ ಅತ್ಯುತ್ತಮ. ಎಲ್ಲರೂ ಹಾಗೆ ಎತ್ತಿದಾಗ ಜಲಮಟ್ಟ ಕುಸಿದು ಎಲ್ಲರ ಬಾವಿಯೂ ಒಣಗುತ್ತದೆ. ಒಬ್ಬೊಬ್ಬರ ಗರಿಷ್ಠವನ್ನು ಕೂಡಿದರೆ ಊರಿನ ಗರಿಷ್ಠವಾಗುವುದಿಲ್ಲ. ಕೆರೆ ತುಂಬಿಸುವ ಯೋಜನೆಗಳ ಲೆಕ್ಕದಲ್ಲಿ ಕೆರೆಯಿಂದ ಇಂಗಿ ಬಾವಿಗಳಿಗೆ ಸೇರುವ ನೀರನ್ನೂ, ಆ ಬಾವಿಗಳಿಂದ ಮೇಲೆತ್ತುವ ನೀರನ್ನೂ ಒಟ್ಟಿಗೆ ಹಿಡಿದರೆ ಮಾತ್ರ ಫಲ ಎಷ್ಟೆಂದು ತಿಳಿಯುತ್ತದೆ.

ಮಾದರಿಯ ವಿಶ್ವಾಸಾರ್ಹತೆ ಕೊನೆಗೆ ಅಳತೆಯ ಮೇಲೆ ನಿಂತಿದೆ. ಹೋಬಳಿ ಮಟ್ಟದ ಮಳೆಮಾಪನ, ಕೆರೆಯ ಹೂಳಿನ ಸಮೀಕ್ಷೆ, ನದಿಯ ನೀರೆತ್ತುವ ಜಾಕ್‌ವೆಲ್‌ನಿಂದ ಹೊರಟ ನೀರಿನಲ್ಲಿ ಕೆರೆಗೆ ತಲುಪಿದ್ದೆಷ್ಟು ಎಂಬ ಮೀಟರು ದಾಖಲೆ, ಕೊಳವೆಬಾವಿಗಳ ಜಲಮಟ್ಟ, ಇವು ವರ್ಷದಿಂದ ವರ್ಷಕ್ಕೆ ಸಾರ್ವಜನಿಕವಾಗಿ ಸಿಗಬೇಕು. ಹಿಂದಿನ ವರ್ಷಗಳ ಅಂಕಿಗಳ ಮೇಲೆ ಓಡಿಸಿ ನೋಡಿ, ನಡೆದದ್ದನ್ನು ಸರಿಯಾಗಿ ಹೇಳಿದ ಮಾದರಿಯನ್ನಷ್ಟೇ ಮುಂದಿನ ನಿರ್ಧಾರಕ್ಕೆ ಬಳಸಬೇಕು. ಅದರ ಗುರಿಯನ್ನೂ ನಿರ್ಬಂಧಗಳನ್ನೂ ಗ್ರಾಮಸಭೆಯಲ್ಲಿ ಓದಿ ಹೇಳುವಷ್ಟು ಸರಳ ಕನ್ನಡದಲ್ಲಿ ಬರೆದಿಟ್ಟರೆ, ಬಿಟ್ಟುಹೋದ ನಿರ್ಬಂಧ ಯಾವುದು ಎಂಬುದನ್ನು ಆ ನೀರಿನಲ್ಲಿ ಬೇಸಾಯ ಮಾಡುವವರೇ ಮೊದಲು ಗುರುತಿಸಬಲ್ಲರು.